ಬಾಲಚುಕ್ಕಿ ಹೋಗುವ ತನಕ

ಸಯನ್ನಿನ ನಮ್ಮ ಚಾಳಿನಲ್ಲಿ ನಲ್ಲಿಗೆ ನೀರು ಬರುತ್ತಿದ್ದುದು ಬೆಳಕು ಹರಿಯುವ ಮುಂಚೆ. ಕೊಡ ಇಟ್ಟು ಸಾಲಿನಲ್ಲಿ ನಿಂತಿದ್ದ ಅಕ್ಕನೇ ಅದನ್ನು ಮೊದಲು ಕಂಡದ್ದು. ರೈಲ್ವೆ ಹಳಿಯಾಚೆ, ಪೂರ್ವಕ್ಕೆ, ಉದ್ದ ಬಾಲದ ಚುಕ್ಕಿ. ಓಡಿ ಬಂದು ನನ್ನನ್ನು ಎಬ್ಬಿಸಿದಳು. "ಏಳ, ತಂಗಿ, ನೋಡಬಾ, ಎಷ್ಟ ಛಂದ ಅದ!"

ಅವಳ ಖುಷಿಗೆ ಬೇರೆ ಕಾರಣವೂ ಇತ್ತು. ಹೆಣ್ಣು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು ಕೈ ತೊಳೆದುಕೊಂಡು ಹೋದ ಮೇಲೆ, ಕೊನೆಗೊಂದು ಮನೆಯವರು ಒಪ್ಪಿದ್ದರು. ಅವರೂ ನಮ್ಮ ವಿಜಾಪುರದ ಕಡೆಯವರೇ, ಬಾಂದ್ರಾದಲ್ಲಿದ್ದರು. ಸೀರೆ ಉಡಿಸಿ ಉಡಿ ತುಂಬುವುದೊಂದೇ ಬಾಕಿ. ಅಷ್ಟರಲ್ಲಿ ಹುಡುಗನ ತಾಯಿ ಬಂದರು.

"ಬಾಲಚುಕ್ಕಿ ಮೂಡೇದರಿ. ಅದು ಹೋಗೂತನಕಾ ಶುಭಕಾರ್ಯ ಬ್ಯಾಡ" ಎಂದರು. ಅಪ್ಪ ತಲೆಯಾಡಿಸಿದರು. ಊರಿನಲ್ಲಾಗಿದ್ದರೆ ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು.

ಅಂದಿನಿಂದ ಮನೆ ಮಂಕಾಯಿತು. ಮದುವೆಯಾಗುವ ಹುಡುಗಿ ಅದನ್ನು ನೋಡಕೂಡದೆಂದು ಅವ್ವ ನೀರಿಗೆ ನನ್ನನ್ನು ಅಟ್ಟಿದಳು. ಅಪ್ಪ ದಿನಾ ಗ್ಯಾಲರಿಯಲ್ಲಿ ಕತ್ತೆತ್ತಿ ನಿಂತು, "ಇವತ್ತ ಬಾಲ ಸಣ್ಣ ಆಗೇದ" ಎನ್ನುವರು, ಮನೆಯಲ್ಲಿ ಯಾರಿಗೋ ಜ್ವರ ಇಳಿದ ಹಾಗೆ. ಅಕ್ಕ ಒಳಗೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ನಿದ್ದೆಯಿಲ್ಲವೆಂದು ನನಗೆ ಗೊತ್ತಿತ್ತು. ಆ ಚುಕ್ಕಿ ಕೈಗೆ ಎಟುಕಿದ್ದರೆ ಕಸಬರಿಗೆ ತಗೊಂಡು ಬಾರಿಸುತ್ತಿದ್ದೆ, ಅಷ್ಟು ಸಿಟ್ಟು.

ಒಂದು ನಸುಕಿನಲ್ಲಿ ಅದು ಕಾಣಲಿಲ್ಲ. ಮೋಡವಿರಬಹುದೆಂದು ಅಪ್ಪ ಮರುದಿನವೂ ನೋಡಿದರು. ಇಲ್ಲ. ಸಕ್ಕರೆ ಪೊಟ್ಟಣ ಹಿಡಿದು, ನನ್ನನ್ನೂ ಕರೆದುಕೊಂಡು ಬಾಂದ್ರಾಕ್ಕೆ ಹೊರಟರು.

ಅವರ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಎಲೆಗಳು ಒಣಗಿ ಸುರುಳಿಯಾಗಿದ್ದವು. ಒಳಗೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟ ಹೊಸ ಸೊಸೆ ನೀರು ತಂದಿಟ್ಟಳು. "ಗಡಬಡಿಯೊಳಗ ಆತರಿ, ನಿಮಗ ಹೇಳಲಿಕ್ಕೆ ಆಗಲಿಲ್ಲ" ಎಂದರು ಹುಡುಗನ ತಾಯಿ. ಬಾಲಚುಕ್ಕಿ ಆಕಾಶದಲ್ಲಿರುವಾಗಲೇ ಮಗನ ಮದುವೆ ಮುಗಿಸಿಬಿಟ್ಟಿದ್ದರು! ನಾನು ಚುಕ್ಕಿಯ ಮೇಲೆ ಸುಮ್ಮನೆ ಹಲ್ಲು ಕಡಿದಿದ್ದೆ. ಅಪ್ಪ ನೀರು ಕುಡಿದು ಎದ್ದರು. ಸಕ್ಕರೆ ಪೊಟ್ಟಣವನ್ನು ಹಾಗೇ ಹಿಡಿದುಕೊಂಡು ಬಸ್ಸು ಹತ್ತಿದರು.

ಅವ್ವ ಅತ್ತಳು. ಅಕ್ಕ ಅಳಲಿಲ್ಲ. ಅಪ್ಪನ ಕೈಯಿಂದ ಪೊಟ್ಟಣ ಇಸಿದುಕೊಂಡು ಸಕ್ಕರೆಯನ್ನು ಡಬ್ಬಿಗೆ ಸುರಿದಳು. ಮರುದಿನ ನಸುಕಿನಲ್ಲಿ ಕೊಡವನ್ನು ತಾನೇ ಎತ್ತಿಕೊಂಡಳು. ನಾನೂ ಹಿಂದೆ ಹೋದೆ. ನಲ್ಲಿಯ ಬಳಿ ನಿಂತು, ಹಳಿಯಾಚೆಯ ಖಾಲಿ ಆಕಾಶವನ್ನು ಬಹಳ ಹೊತ್ತು ನೋಡಿದಳು.

"ನಾ ಸುಳ್ಳೇ ಗ್ವಾಡಿ ನೋಡಕೋತ ಮಲಗಿದೆ" ಎಂದಳು. "ಅದನ್ನಾರ ನೋಡಬೇಕಿತ್ತು."