ಬೇಗಂಪೇಟೆಯಲ್ಲಿ ಕಂಡ ಸದಸ್ಯ

ಹೈದರಾಬಾದಿನ ಮಿಯಾಪುರಕ್ಕೆ, ಮಗಳ ಮನೆಗೆ ಬಂದ ಮೊದಲ ದಿನ ಕಾವಲುಗಾರ ನನ್ನ ಹೆಸರು ಕೇಳಲಿಲ್ಲ. "ಫ್ಲಾಟ್ ನಂಬರ್ ಚೆಪ್ಪಂಡಿ" ಎಂದ. ಚೆಪ್ಪಂಡಿ ಎಂದರೆ ತೆಲುಗಿನಲ್ಲಿ ಹೇಳಿ ಎಂದು. ಅರವತ್ತೆಂಟು ವರ್ಷ ಹೊತ್ತು ತಂದ ಹೆಸರು ಗೇಟಿನ ಹೊರಗೇ ಉಳಿಯಿತು. ಈ ವಾರ್ಡಿನ ಸದಸ್ಯ ಯಾರೆಂದು ಲಿಫ್ಟಿನಲ್ಲಿ ಇಬ್ಬರನ್ನು ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ರಾಯಚೂರು ಕಡೆಯ ನಮ್ಮ ಊರಿನಲ್ಲಾದರೆ, ಪುರಸಭೆ ಸದಸ್ಯನ ಮನೆಯಲ್ಲಿ ಇವತ್ತು ಯಾವ ಪಲ್ಯ ಎಂಬುದೂ ಗೊತ್ತಿರುತ್ತದೆ.

ನಾರಾಯಣಗೂಡದಲ್ಲಿ ಪಾಠ ಹೇಳುವ ಮಗಳು ನನಗೊಂದು ಬ್ಲಾಗ್ ಮಾಡಿಕೊಟ್ಟಳು. "ಅಪ್ಪಾ, ಊರ ರಾಜಕೀಯ ಹೇಳಿ ನನ್ನ ತಲಿ ತಿನ್ನಬ್ಯಾಡ. ಬರಿ" ಎಂದಳು. ನಾನು ಓದಿದ್ದು ಹತ್ತನೆಯ ತರಗತಿ. ಫೋನಿನಲ್ಲಿ ಬಂದ ಸುದ್ದಿಯನ್ನು ಇಲ್ಲಿ ಕುಳಿತು ಬರೆದೆ. ಓದುಗರು ಐವತ್ತು ದಾಟಲಿಲ್ಲ. ಆದರೆ ಅವರಲ್ಲೊಬ್ಬ ನಮ್ಮೂರ ಕ್ಷೌರದಂಗಡಿಯವನು, ಗಿರಾಕಿಗಳಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದ. ಈ ಬ್ಲಾಗಿನಲ್ಲಿ ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡೇ ನನ್ನನ್ನು ಕೇಳಿದವರು. ಇಲ್ಲಿ ಯಾರೂ ಮಾತಾಡಿಸದ ನನಗೆ ಅಲ್ಲಿ ಜನ ಕಾಯುತ್ತಾರೆಂಬ ಸೊಕ್ಕು ಬಂತು.

ನಮ್ಮೂರ ಪುರಸಭೆ ಅಧ್ಯಕ್ಷರ ಮೇಲೆ ಅವಿಶ್ವಾಸ ಗೊತ್ತುವಳಿ ಬಂದ ವಾರ, ಇಲ್ಲಿನ ಬೇಗಂಪೇಟೆ ರೈಲು ಸ್ಟೇಷನ್ ಹೊರಗೆ ಊರ ಗೆಳೆಯ ಬಸವರಾಜ ಕಂಡ. ಅವನು ಆ ಪುರಸಭೆಯ ಸದಸ್ಯ. ನನ್ನನ್ನು ನೋಡಿದವನೇ ಮುಖ ತಿರುಗಿಸಿ ಆಟೋ ಹತ್ತಿದ. ಮತದಾನಕ್ಕೆ ಮುಂಚೆ ಸದಸ್ಯರನ್ನು ಹೈದರಾಬಾದಿನ ಹೋಟೆಲುಗಳಲ್ಲಿ ಬಚ್ಚಿಡುವುದು ನಮ್ಮ ಕಡೆ ಹೊಸದಲ್ಲ. ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಸುದ್ದಿ ಕೈತಪ್ಪೀತೆಂದು ಹೆದರಿದೆ. "ಬಸವರಾಜರೂ ಹೋಟೆಲು ಸೇರಿದರು" ಎಂದು ಬರೆದೆ. ಮರುದಿನ ಅವನ ಬೀಗ ಹಾಕಿದ ಬಾಗಿಲಿಗೆ ಯಾರೋ ಚಪ್ಪಲಿ ಹಾರ ಹಾಕಿದರು. ಮತದಾನದ ದಿನ ಅವನು ಊರಿಗೆ ಬಂದಾಗ, ನನ್ನ ಬರಹಕ್ಕೆ ಹೆದರಿ ಓಡಿ ಬಂದನೆಂದು ಬೀಗಿದೆ.

ಕೆಲವು ತಿಂಗಳಿಗೆ ಅವನ ಹೆಂಡತಿ ಮಹಾದೇವಿ ತೀರಿಕೊಂಡಳು. ಮಾತಾಡಿಸಿ ಬರಲು ಊರಿಗೆ ಹೋದೆ.

"ಬಾರಪಾ ಪತ್ರಕರ್ತಾ" ಎಂದ ಬಸವರಾಜ. "ಅಕಿ ಹೊಟ್ಟ್ಯಾಗ ಗಡ್ಡಿ ಇತ್ತು. ಅದಕ್ಕ ಹೈದರಾಬಾದಿಗೆ ಬಂದಿದ್ವಿ. ಊರಿಗೆ ತಿಳೀಬಾರ್ದು ಅಂತ ಅಕಿ ಹಟ."

"ನನಗರ ಹೇಳಬಾರದಿತ್ತೇನೋ?"

"ನೀ ಕೇಳಿದ್ಯಾ?"

ಅವನೇ ಮುಂದುವರಿಸಿದ: "ಅಕಿ ದಿನಾ ನಿನ್ನ ಬ್ಲಾಗ್ ಓದಾಕಿ. ದವಾಖಾನಿ ಹಾಸಿಗಿ ಮ್ಯಾಲ ಅದನ್ನ ಓದುವಾಗಷ್ಟ ನಗ್ತಿದ್ಲು. ಅವತ್ತು ಓದಿ, 'ನಡೀರಿ ಊರಿಗೆ, ನಿಮ್ಮ ಮರ್ಯಾದಿ ಮುಂದ ನನ್ನ ಔಷಧ ಏನ್ರಿ' ಅಂದ್ಲು. ಡಾಕ್ಟರು ಬ್ಯಾಡ ಅಂದ್ರು. ಕೇಳಲಿಲ್ಲ. ನಾ ಸಭಾಕ್ಕ ಹೋಗಿ ಕೈ ಎತ್ತಿ ಬಂದೆ. ಅಕಿ ಮತ್ತ ದವಾಖಾನಿಗೆ ಹೋಗಲಿಲ್ಲ."

"ಒಮ್ಮೆ ಬೈದಾದ್ರೂ ಬಿಡೋ" ಎಂದೆ.

"ಬೈದ್ರ ನಿನಗ ಹಗುರ ಆಗ್ತೈತಿ. ಬೈಯಂಗಿಲ್ಲ."

ಆ ಬರಹ ಅಳಿಸಿದ್ದೇನೆ. ಸಿಕ್ಕಿಬಿದ್ದು ಓಡಿ ಬಂದ ಎಂಬ ಮಾತು ಮಾತ್ರ ಊರಿನಲ್ಲಿ ಇನ್ನೂ ಓಡಾಡುತ್ತಿದೆಯಂತೆ. ಅದು ಸುಳ್ಳು. ಬಸವರಾಜ ಎಲ್ಲೂ ಅಡಗಿರಲಿಲ್ಲ. ಹೆಂಡತಿಯ ಹಾಸಿಗೆ ಪಕ್ಕ ಇದ್ದ. ಅವನನ್ನು ಅಲ್ಲಿಂದ ಎಬ್ಬಿಸಿದವನು ನಾನು.

ಊರಲ್ಲಿ ಅವನ ಓಣಿ ದಾಟದೆ ನನ್ನ ಮನೆ ಸಿಗುವುದಿಲ್ಲ. ಆ ಓಣಿಗೆ ಕಾಲು ಬರುವುದಿಲ್ಲ. ಇಲ್ಲಿ ಈಗ ತೆಲುಗು ಬರುತ್ತದೆ. ಸಂಜೆ ಪಾರ್ಕಿನ ಬೆಂಚಿನಲ್ಲಿ ಮುದುಕರು "ಮಂಚಿ ಮನಿಷಿ" ಎಂದು, ಎಂದರೆ ಒಳ್ಳೆಯ ಮನುಷ್ಯನೆಂದು, ಸರಿದು ಜಾಗ ಕೊಡುತ್ತಾರೆ. ಕೂರುತ್ತೇನೆ. ಬಸವರಾಜನ ವಿಷಯ ಅವರಿಗೆ ಹೇಳಿಲ್ಲ.