ಗೋಡೆಗೆ ಮುಖ ಮಾಡಿದ ಬೆಂಚು

ಚಿಕ್ಕತಾಯವ್ವ ತನ್ನ ಗಿರಾಕಿಗಳನ್ನು ಗುರುತು ಹಿಡಿಯುತ್ತಿದ್ದದ್ದು ಬೆನ್ನು ನೋಡಿ. ಮುಖ ನೋಡುವ ಸಂದರ್ಭವೇ ಆಕೆಗೆ ಕಡಿಮೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಆಕೆ ನಡೆಸುತ್ತಿದ್ದ ಹೋಟೆಲಿಗೆ ಬೋರ್ಡೂ ಇರಲಿಲ್ಲ, ಮೇಜೂ ಇರಲಿಲ್ಲ. ಉದ್ದನೆಯ ಒಂದು ಕೋಣೆ. ಎರಡೂ ಕಡೆಯ ಗೋಡೆಗೆ ಎದೆಮಟ್ಟದಲ್ಲಿ ಒಂದೊಂದು ಹಲಗೆ ಹೊಡೆಸಿ, ಅದರ ಮುಂದೆ ಒಂದೊಂದು ಬೆಂಚು ಹಾಕಿದ್ದಳು. ಬಂದವರು ಗೋಡೆಗೆ ಮುಖ ಮಾಡಿ ಕೂತು, ಹಲಗೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣಬೇಕು. ಆಕೆ ನಡುವಿನ ಜಾಗದಲ್ಲಿ ಓಡಾಡುತ್ತ, ಹಿಂದಿನಿಂದಲೇ ಭುಜದ ಮೇಲಿಂದ ಕೈ ಚಾಚಿ ಬಡಿಸುತ್ತಿದ್ದಳು. "ಮಾಗಡಿ ಬೆನ್ನು ಬಂದೈತೆ, ದೊಡ್ಡ ಮುದ್ದೆನೇ ಕಟ್ಟಿ" ಎಂದು ಒಲೆಯ ಮುಂದೆ ಬೆವರುತ್ತಿದ್ದ ಗಂಡನಿಗೆ ಕೂಗುತ್ತಿದ್ದಳು. ಒಂದು ದಿನವೂ ಆಕೆಯ ಲೆಕ್ಕ ತಪ್ಪಿದ್ದು ನಾನು ಕಾಣೆ.

ಜನ ರಾಗಿ ಹೊಲ ಕಿತ್ತು ಹಿಪ್ಪುನೇರಳೆ ನೆಡುತ್ತಿದ್ದ ಕಾಲ ಅದು. ಮನೆಯೊಳಗೆ ರೇಷ್ಮೆ ಹುಳ ಮಲಗುತ್ತಿದ್ದವು, ಮನೆಯವರು ಜಗಲಿಯಲ್ಲಿ ಮಲಗುತ್ತಿದ್ದರು. ಕನಕಪುರ, ಚನ್ನಪಟ್ಟಣ, ಮಾಗಡಿ ಕಡೆಯ ಬಸ್ಸುಗಳ ಟಾಪಿನ ಮೇಲೆಲ್ಲ ಗೂಡಿನ ಮೂಟೆ. ಮಾರುಕಟ್ಟೆಯಲ್ಲಿ ಹರಾಜು ಮುಗಿಯುವ ತನಕ ರೈತರ ಗಂಟಲಲ್ಲಿ ನೀರೂ ಇಳಿಯದು. ಮುಗಿದ ಮೇಲೆ ಒಬ್ಬನ ಮುಖ ಅರಳಿರುತ್ತದೆ, ಪಕ್ಕದ ಮನೆಯವನ ಮುಖ ಬಾಡಿರುತ್ತದೆ, ಹಸಿವು ಮಾತ್ರ ಇಬ್ಬರಿಗೂ ಒಂದೇ. ಬೆಂಚನ್ನು ಯಾಕೆ ಹೀಗೆ ಹಾಕಿದ್ದೀಯ ಎಂದು ನಾನೊಮ್ಮೆ ಕೇಳಿದ್ದೆ.

"ಗೂಡು ಮಾರ್ದೋನ್ ಮುಖದಾಗೆ ರೇಟು ಬರ್ದಿರ್ತದೆ ಕಣಪ್ಪ. ಉಣ್ಣೋವಾಗ ಅದ್ನ ಇನ್ನೊಬ್ಬ ಓದ್‌ಬಾರ್ದು" ಎಂದಿದ್ದಳು.

ಒಳಗೆ ರೇಟಿನ ಮಾತು ಆಡುವ ಹಾಗೂ ಇರಲಿಲ್ಲ. ಒಂದು ದಿನ ಮಾಗಡಿಯ ಆಸಾಮಿಯೊಬ್ಬ ಇಡೀ ಮಾರುಕಟ್ಟೆಗೇ ತನ್ನ ಗೂಡು ಮೇಲಾಯಿತೆಂದು ಬಾಗಿಲಲ್ಲೇ ಕೊಚ್ಚಿಕೊಳ್ಳಲು ಶುರು ಮಾಡಿದ. ಚಿಕ್ಕತಾಯವ್ವ ಸೌಟು ಹಿಡಿದೇ ಬಂದು ಅಡ್ಡ ನಿಂತಳು. "ಒಸಿ ನಿಂತ್ಕೊ. ಚಪ್ಲಿ ಬುಟ್ಯಲ್ಲ, ಆ ರೇಟ್ನೂ ಅದ್ರ ಪಕ್ಕನೇ ಬುಟ್ಟು ಬಾ. ಹೋಗೋವಾಗ ಎರಡ್ನೂ ಮೆಟ್ಕಂಡು ಹೋಗೀವಂತೆ." ಸಾಲುಬೆನ್ನುಗಳೆಲ್ಲ ಸದ್ದಿಲ್ಲದೆ ನಕ್ಕು ಕುಲುಕಿದವು. ಆ ಮನುಷ್ಯ ಬೆಕ್ಕಿನ ಹಾಗೆ ಬಂದು ಕೂತ.

ಆ ಗೋಡೆಯ ಬೆಲೆ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ, ಅದೇ ಇವತ್ತಿಗೂ ಸುಡುವುದು. ಬಿ.ಎ. ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿದ್ದಾಗ, ಬೆಂಗಳೂರಿನ ಒಂದು ಇಂಟರ್‌ವ್ಯೂನಲ್ಲಿ ಮರ್ಯಾದೆ ಕಳೆದುಕೊಂಡು ಬಂದವನು ರಾಮನಗರದಲ್ಲಿ ಬಸ್ಸಿಳಿದು, ಊಟದ ವಾಸನೆ ಹಿಡಿದು ಆ ಓಣಿಗೆ ನುಗ್ಗಿದ್ದೆ. ಗೋಡೆಗೆ ಮುಖ ಮಾಡಿ ಕೂತು ಮೊದಲ ತುತ್ತು ನುಂಗುವಷ್ಟರಲ್ಲಿ ಕಣ್ಣು ತುಂಬಿ ಬಂತು. ಯಾರೂ ನೋಡಲಿಲ್ಲ. ಹಿಂದಿನಿಂದ ಒಂದು ಕೈ ಬಂದು, ಕೇಳದಿದ್ದರೂ ಇನ್ನರ್ಧ ಮುದ್ದೆ ಹಾಕಿ ಹೋಯಿತು.

ಮುಂದೆ ನನಗೆ ಸಿಕ್ಕಿದ್ದು ಪ್ರವಾಸಿ ಬಸ್ಸಿನಲ್ಲಿ ಗೈಡ್ ಕೆಲಸ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ವಿದೇಶೀಯರಿಗೆ ರಾಮನಗರದಲ್ಲಿ ಎರಡು ಗಂಟೆ ನಿಲುಗಡೆ. ಗೂಡಿನ ಮಾರುಕಟ್ಟೆ ತೋರಿಸಿ, ಹೆದ್ದಾರಿಯ ಹೋಟೆಲಿನಲ್ಲಿ ಬ್ರೆಡ್ಡು ಆಮ್ಲೆಟ್ ತಿನ್ನಿಸಿ ಹತ್ತಿಸಿದರೆ ಮುಗಿಯಿತು. ಒಮ್ಮೆ ಆ ಹೋಟೆಲು ಬಾಗಿಲು ಹಾಕಿತ್ತು. ಬೇರೆ ದಾರಿ ಕಾಣದೆ ಎಂಟು ಜನರನ್ನು ಚಿಕ್ಕತಾಯವ್ವನ ಹತ್ತಿರ ಕರೆದುಕೊಂಡು ಹೋದೆ.

ಆಕೆ ಒಂದಿಷ್ಟೂ ಗಾಬರಿಯಾಗಲಿಲ್ಲ. "ಹಸ್ದವ್ರೇನ್ಲಾ ಗೈಡಪ್ಪ? ಹಂಗಾರೆ ಕೂರ್ಸು" ಎಂದಳು. ಅವತ್ತಿನಿಂದ ನಾನು ಗೈಡಪ್ಪನಾದೆ. ಆರಡಿ ಉದ್ದದ ಒಬ್ಬಾತ ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಅಗಿಯುತ್ತ ಪೇಚಾಡುವುದು ನೋಡಿ, "ಅಗೀಬ್ಯಾಡ ಅನ್ನಪ್ಪ ಅವ್ನಿಗೆ! ನುಂಗ್ಲಿ, ಹೊಟ್ಟೆಗೆ ದಾರಿ ಗೊತ್ತು" ಎಂದು ಬೆನ್ನು ನೀವಿದಳು. ಅವತ್ತು ಉಪ್ಸಾರು. ಉಪ್ಸಾರಿನಲ್ಲಿ ಖಾರ ಬೆರೆತಿರುವುದಿಲ್ಲ. ಅರೆದ ಖಾರದ ಒಂದು ಉಂಡೆಯನ್ನು ತಟ್ಟೆಯ ಅಂಚಿಗೆ ಇಡುತ್ತಾರೆ, ಬೇಕಾದವರು ಬೇಕಾದಷ್ಟು ಕಲಸಿಕೊಳ್ಳಬೇಕು. ಅವರು ಖಾರ ಮುಟ್ಟದೆ ಸಾರನ್ನೆಲ್ಲ ಕುಡಿದರು. ಮನೆಗೆ ಹೋಗಿ ನಮ್ಮ ಕಂಪನಿಗೆ ಕಾಗದ ಬರೆದರು: ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಊಟ ಸಿಗಲಿಲ್ಲ, ಗೈಡ್ ಬಹಳ ಜಾಣ ಎಂದು. ಜಾಣನಿಗೆ ಕೋಡು ಮೂಡಿದವು. ಹೆದ್ದಾರಿ ಹೋಟೆಲು ತೆರೆದ ಮೇಲೂ ನನ್ನ ಬಸ್ಸು ಅಲ್ಲಿ ನಿಲ್ಲಲಿಲ್ಲ.

ಬಂದವರೆಲ್ಲ ಹೊಗಳುತ್ತಿದ್ದರು, ಆದರೆ ಒಂದು ಗೊಣಗಾಟ ಮಾತ್ರ ಇದ್ದೇ ಇರುತ್ತಿತ್ತು. ಊಟವೇನೋ ಸೊಗಸು, ಊರಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲವಲ್ಲ? ಕೊನೆಗೆ ನಾನೇ ಚಿಕ್ಕತಾಯವ್ವನ ಬೆನ್ನು ಬಿದ್ದೆ. ಬೆಂಚುಗಳನ್ನು ಎದುರುಬದುರು ಮಾಡೋಣ, ನಡುವೆ ಮರದ ಮಂಡಿಯಿಂದ ಒಂದು ಮೇಜು ತಂದು ಹಾಕುತ್ತೇನೆ ಎಂದೆ.

"ಬ್ಯಾಡ ಕಣಪ್ಪ. ನಮ್ ಜನಕ್ಕೆ ಹಿಂಗೇ ರೂಢಿ."

"ಒಂದೇ ಒಂದ್ ದಿನ ಅವ್ವ. ಅಷ್ಟು ದೂರದಿಂದ ಬತ್ತಾರೆ, ಪಾಪ."

ದೂರದಿಂದ ಬಂದವರು ಎಂದರೆ ಆಕೆಯ ಬಾಯಿ ಕಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಬಳಸಿದೆ.

ಆ ದಿನದ ಬಸ್ಸಿನಲ್ಲಿ ಬಿಳಿ ಟೋಪಿಯ ಒಬ್ಬ ವಯಸ್ಸಾದ ಹೆಂಗಸಿದ್ದರು. ಒಳ್ಳೆಯ ಮನುಷ್ಯರೇ. ಕೆರಿಬಿಯನ್ ದ್ವೀಪಗಳ ನಡುವೆ ಹಡಗಿನಲ್ಲಿ ಸುತ್ತಿದವರಂತೆ. ಹಡಗು ಒಂದೊಂದು ದ್ವೀಪದಲ್ಲಿ ನಾಲ್ಕೈದು ಗಂಟೆ ನಿಲ್ಲುತ್ತದೆ, ಎಲ್ಲರೂ ಬಂದರಿನ ದೊಡ್ಡ ಹೋಟೆಲಿಗೆ ನುಗ್ಗುತ್ತಾರೆ, ತಾವು ಮಾತ್ರ ಟ್ಯಾಕ್ಸಿಯವನನ್ನು "ನೀನು ಎಲ್ಲಿ ಉಣ್ಣುತ್ತೀಯ?" ಎಂದು ಕೇಳಿ ಅಲ್ಲಿಗೇ ಹೋಗುವುದಾಗಿ ಹೇಳಿದರು. ಮೀನು ಹಿಡಿಯುವವರ ಜೊತೆ ಒಂದೇ ಮೇಜಿನಲ್ಲಿ ಕೂತು ಉಂಡದ್ದನ್ನು ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಕುತ್ತಿಗೆಯಲ್ಲಿ ಕ್ಯಾಮರಾ ಇತ್ತು. ಇವತ್ತು ನಿಮಗೆ ನಮ್ಮ ಜನರ ಮುಖ ತೋರಿಸುತ್ತೇನೆ ಎಂದು ನಾನು ಮೀಸೆ ತಿರುವಿದೆ.

ಒಳಗೆ ಹೋದಾಗ ಮೇಜಿನ ಆ ಕಡೆ ಐದಾರು ರೈತರು ಕೂತಿದ್ದರು. ನಮ್ಮವರು ಈ ಕಡೆ ಕೂತರು. ಊಟ ಮಾಡುತ್ತಿದ್ದವರ ಕೈ ನಿಧಾನವಾಯಿತು. ಇಬ್ಬರು ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದುಕೊಂಡು ಹೋದರು. ಆ ಹೋಟೆಲಿನಲ್ಲಿ ತಟ್ಟೆಯಲ್ಲಿ ಮುದ್ದೆ ಉಳಿದದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಬಿಳಿ ಟೋಪಿಯವರ ಎದುರಿಗೆ ಕೋಡಿಹಳ್ಳಿ ಕಡೆಯ ಮುದ್ದಯ್ಯ ಕೂತಿದ್ದ. ಕುರಿ ಸಾಕುವ ಮನೆತನ, ಅರ್ಧ ಮಂದೆ ಮಾರಿ ಹುಳ ಮಾಡಲು ಇಳಿದವನು. ಆತ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಕಣ್ಣಿಂದ ನೀರು ಧಾರೆಯಾಗಿ ಇಳಿದು ಮೀಸೆಗೆ ಸೇರುತ್ತಿತ್ತು. ಒರೆಸಿಕೊಳ್ಳಲು ಎಡಗೈ ಎತ್ತಿದರೆ ಎಲ್ಲರಿಗೂ ತಿಳಿದುಹೋಗುತ್ತದೆಂದೋ ಏನೋ, ಹಾಗೇ ಉಣ್ಣುತ್ತಿದ್ದ.

"ಅವರಿಗೇನಾಯಿತು?" ಎಂದು ಆ ಹೆಂಗಸು ಮೆಲ್ಲಗೆ ಕೇಳಿದರು.

ಗೊತ್ತಿಲ್ಲ ಎನ್ನಬಹುದಿತ್ತು. ನನ್ನ ನಾಲಿಗೆಗೆ ಜಾಣತನದ ಚಟ. "ನಮ್ಮ ಸಾರಿನ ಖಾರ ಮೇಡಂ, ನಮ್ಮವರನ್ನೇ ಅಳಿಸುತ್ತದೆ!" ಎಂದೆ. ಇಡೀ ಸಾಲು ಗೊಳ್ಳೆಂದು ನಕ್ಕಿತು. ಯಾರೋ ಚಪ್ಪಾಳೆ ತಟ್ಟಿದರು. ಮುದ್ದಯ್ಯ ತಲೆಯೆತ್ತಿದ. ಆತನಿಗೆ ಇಂಗ್ಲಿಷು ಬಾರದು. ಎದುರಿಗೆ ಕೂತ ಅಷ್ಟು ಜನ ತನ್ನನ್ನು ನೋಡಿ ನಗುತ್ತಿದ್ದಾರೆ ಎಂಬುದಷ್ಟೇ ತಿಳಿಯಿತು. ನಮ್ಮ ಕಡೆಯ ಜನ ನೆಂಟರು ನಕ್ಕರೆ ತಾವೂ ನಗುತ್ತಾರೆ. ಮುದ್ದಯ್ಯ ಕಣ್ಣಲ್ಲಿ ನೀರು ಇಟ್ಟುಕೊಂಡೇ ನಕ್ಕ. ಕ್ಯಾಮರಾ ಕ್ಲಿಕ್ ಎಂದಿತು.

ಆ ಹೊತ್ತಿಗೆ ಚಿಕ್ಕತಾಯವ್ವ ಆತನ ಹಿಂದೆ ಬಂದು ನಿಂತು, ಎಡಗೈಯನ್ನು ಭುಜದ ಮೇಲೆ ಇಟ್ಟಿದ್ದಳು. ಸೌಟಿನ ಕೈ ಗಾಳಿಯಲ್ಲೇ ನಿಂತಿತ್ತು.

"ಏನಂದ್ಲಾ ಅವ್ರಿಗೆ?"

"ಸಾರು... ಖಾರ ಆಗಿ ಕಣ್ಣಾಗೆ ನೀರು ಬಂತು ಅಂದೆ ಕಣವ್ವ."

ಆಕೆ ಬಯ್ಯಲಿಲ್ಲ. ಸೌಟಿನ ತುದಿಯಿಂದ ಮುದ್ದಯ್ಯನ ತಟ್ಟೆಯ ಅಂಚು ತೋರಿಸಿದಳು. ಖಾರದ ಉಂಡೆ ಇಟ್ಟದ್ದು ಇಟ್ಟ ಹಾಗೇ ಇತ್ತು.

"ಖಾರ ಮುಟ್ಟೇ ಇಲ್ಲ ನೋಡು ಅವ್ನು" ಎಂದಳು. ಆಮೇಲೆ, "ಊಟ ಆಗ್ಲಿ ಅವ್ರದು. ನೆಂಟ್ರು ಏನ್ ಮಾಡ್ಯಾರು. ಆಮ್ಯಾಕೆ ನೀನೇ ಬೆಂಚು ತಿರುಗ್ಸಿ ಹೋಗು."

ಅಷ್ಟರಲ್ಲಿ ಮುದ್ದಯ್ಯ ಎದ್ದು ಹೋಗಿದ್ದ. ಎಲ್ಲರನ್ನೂ ಬಸ್ಸಿಗೆ ಹತ್ತಿಸಿ ಬಂದು ಬೆಂಚು ತಿರುಗಿಸುವಾಗ ಆಕೆ ಹೇಳಿದಳು. ಮುದ್ದಯ್ಯನ ಹೆಂಡತಿ ಹುಳದ ಕೆಲಸದಲ್ಲಿ ಎತ್ತಿದ ಕೈ. ಗೂಡು ಮಾರಲು ಬರುವಾಗಲೆಲ್ಲ ಗಂಡನ ಕೈಲಿ ಒಂದು ತೂಗಾಡುವ ಹಿಡಿಯ ಕ್ಯಾರಿಯರ್ ಕೊಟ್ಟು ಕಳಿಸುತ್ತಿದ್ದಳು, ಚಿಕ್ಕತಾಯವ್ವನ ಸಾರು ತರಲಿಕ್ಕೆ. ಹುಳ ನಾಲ್ಕನೇ ಸಲ ಪೊರೆ ಕಳಚಿ, ಅಂದರೆ ನಾಲ್ಕನೇ ಜ್ವರ ಎದ್ದು, ಹಗಲೂ ರಾತ್ರಿ ಸೊಪ್ಪು ಮೇಯುವ ವಾರದಲ್ಲೇ ಆ ಹೆಣ್ಣುಮಗಳು ತೀರಿಕೊಂಡಿದ್ದಳು.

"ಎರಡ್ ದಿನ ಸೊಪ್ಪಾಕೋರು ಇರ್ನಿಲ್ವಂತೆ. ಗೂಡು ಜಾಳಾಗೈತೆ. ಒತ್ತಿ ನೋಡ್ದೋರೆಲ್ಲ ಬುಟ್ಟು ಬುಟ್ಟು ಹೋದ್ರಂತೆ. ಅವ್ಳು ಮೇಯ್ಸಿದ್ ಕಡೇ ಹುಳ ಕಣಪ್ಪ. ಇವತ್ತು ಕ್ಯಾರಿಯರ್ ಇಲ್ದೆ ಬಂದ. ಅದ್ನ ನೋಡೇ ನಂಗೆ ಗೊತ್ತಾಗೋಯ್ತು. ಗೋಡೆ ಇದ್ದಿದ್ರೆ ಅತ್ಕಂಡು ಉಂಡ್ಕಂಡು ಹೋಗೋನು."

ಬಸ್ಸಿಗೆ ಬಂದು ಮೈಕು ಹಿಡಿದೆ. ನಾನು ಹೇಳಿದ್ದು ಸುಳ್ಳು, ಆ ಮನುಷ್ಯನ ಹೆಂಡತಿ ಸತ್ತಿದ್ದಾಳೆ ಎಂದು ಹೇಳಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕು ಪದ ಸಾಕು. ಎಲ್ಲರೂ ನಗುಮುಖದಿಂದ ನನ್ನನ್ನೇ ನೋಡುತ್ತಿದ್ದರು. "ನಿಮ್ಮ ಎಡಗಡೆ ಕಾಣುತ್ತಿರುವ ಬಂಡೆಬೆಟ್ಟಗಳು ಬಹಳ ಹಳೆಯವು" ಎಂದೆ. ಕೆಂಗಲ್ ದಾಟಿದರೂ ಬಂಡೆಯ ಬಗ್ಗೆಯೇ ಮಾತಾಡುತ್ತಿದ್ದೆ.

ಕಂಪನಿಯವರು ಆ ಹೋಟೆಲಿನ ಹೆಸರನ್ನು ಪ್ರವಾಸದ ಪಟ್ಟಿಯಲ್ಲೇ ಅಚ್ಚು ಹಾಕಿಸಲು ಹೊರಟಾಗ, ಅದು ಮುಚ್ಚಿಹೋಯಿತು ಎಂದು ಇನ್ನೊಂದು ಸುಳ್ಳು ಹೇಳಿದೆ. ನನ್ನ ಸುಳ್ಳುಗಳಲ್ಲಿ ಅದೊಂದರ ಬಗ್ಗೆ ನನಗೆ ಬೇಸರವಿಲ್ಲ.

ನಾಲ್ಕು ತಿಂಗಳು ಬಿಟ್ಟು ಒಬ್ಬನೇ ಹೋದೆ. ಸದ್ದಿಲ್ಲದೆ ನುಸುಳಿ ಗೋಡೆಯ ಕಡೆ ತಿರುಗಿ ಕೂತೆ. "ಗೈಡಪ್ಪನ್ ಬೆನ್ನು ಒಸಿ ಬಗ್ಗೋಗೈತೆ" ಎಂದಳು ಹಿಂದಿನಿಂದ. ಮುದ್ದೆ ಬಂತು, ಸಾರು ಬಂತು. ಮುದ್ದಯ್ಯ ಬರುತ್ತಾನೆಯೇ ಎಂದು ಗೋಡೆಯನ್ನೇ ನೋಡುತ್ತ ಕೇಳಿದೆ.

"ಅವತ್ತಿಂದ ಬರ್ನಿಲ್ಲ. ಹುಳ ಮಾಡೋದು ಬುಟ್ನೋ, ನನ್ ಹೋಟ್ಲು ಬುಟ್ನೋ." ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ಕೋಡಳ್ಳಿ ಏನ್ ದೂರ್ವೇನ್ಲಾ? ಹೋಗಿ ಒಂದ್ ಮಾತು ಅಂದ್ಬುಟ್ಟು ಬಾ. ನೀನೂ ಉಣ್ಣೀಯೆ, ಅವ್ನೂ ಉಂಡಾನು."

"ಹೋಗ್ಬತ್ತೀನಿ ಅವ್ವ" ಎಂದೆ.

ಹೋಗಲಿಲ್ಲ. ಹೋಗದೆ ಆಕೆಗೆ ಮುಖ ತೋರಿಸುವುದು ಹೇಗೆ? ಆಕೆಗೆ ಬೆನ್ನು ತೋರಿಸಿದರೂ ಗೊತ್ತಾಗಿಬಿಡುತ್ತದೆ. ಹಾಗಾಗಿ ಮತ್ತೆ ಆ ಓಣಿಗೆ ಕಾಲಿಡಲಿಲ್ಲ.

ಆ ನಡುವೆ ಬಿಳಿ ಟೋಪಿಯವರು ಕಂಪನಿಯ ವಿಳಾಸಕ್ಕೆ ಒಂದು ಫೋಟೋ ಕಳಿಸಿದ್ದರು. ಹಿಂದುಗಡೆ 'ಖಾರದ ಸಾರು ಉಂಡವರು, ಪ್ರೀತಿಯಿಂದ' ಎಂದು ಬರೆದಿದ್ದರು. ಮುದ್ದಯ್ಯನ ಅಳುವ ನಗು, ಅಂಚಿನಲ್ಲಿ ಮುಟ್ಟದ ಖಾರದ ಉಂಡೆ, ಹಿಂದೆ ಚಿಕ್ಕತಾಯವ್ವ. ಆಕೆ ಕ್ಯಾಮರಾ ನೋಡುತ್ತಿಲ್ಲ. ಅದರ ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡುತ್ತಿದ್ದಾಳೆ.

ಎಷ್ಟೋ ವರ್ಷದ ಮೇಲೆ, ಹಳೆಯ ಡ್ರೈವರ್ ಒಬ್ಬ ಸಿಕ್ಕಿ, ಚಿಕ್ಕತಾಯವ್ವ ಹೋಗಿಬಿಟ್ಟಳು, ತಿಥಿಗೆ ಇಡಲಿಕ್ಕೂ ಒಂದು ಫೋಟೋ ಇಲ್ಲದೆ ಮಗಳು ಜಯಮ್ಮ ಒದ್ದಾಡುತ್ತಿದ್ದಾಳೆ ಎಂದ. ಅಷ್ಟು ಜನರಿಗೆ ಉಣ್ಣಿಸಿದವಳ ಮುಖ ಇದ್ದದ್ದು ನನ್ನ ಮೇಜಿನ ಡ್ರಾಯರಿನಲ್ಲಿ ಮಾತ್ರ. ಅದನ್ನು ಕೊಡಬೇಕಾದರೆ ಮುದ್ದಯ್ಯನನ್ನೂ ಕೊಡಬೇಕು, ಆತ ಯಾಕೆ ಅಳುತ್ತಿದ್ದಾನೆ, ಯಾಕೆ ನಗುತ್ತಿದ್ದಾನೆ ಎಂದೂ ಹೇಳಬೇಕು. ನಾನು ಕತ್ತರಿ ತೆಗೆದುಕೊಂಡೆ. ಎಷ್ಟು ಹುಷಾರಾಗಿ ಕತ್ತರಿಸಿದರೂ ಆಕೆಯ ಎಡಗೈ ಆತನ ಭುಜದ ಮೇಲೇ ಉಳಿಯಿತು.

ಜಯಮ್ಮ ಫೋಟೋವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಅವ್ವ ಯಾರ್ ಮ್ಯಾಲೆ ಕೈ ಮಡ್ಗವ್ಳೆ ಅಣ್ಣ ಇದ್ರಾಗೆ?" ಎಂದು ಕೇಳಿದಳು.

"ಯಾರೋ ಗಿರಾಕಿ ಕಣಮ್ಮ, ಗೊತ್ತಿಲ್ಲ" ಎಂದೆ.

ಉಳಿದ ಅರ್ಧ ನನ್ನ ಹತ್ತಿರವೇ ಇದೆ. ಮುದ್ದಯ್ಯ ನಗುತ್ತಿದ್ದಾನೆ, ಭುಜದ ಮೇಲೆ ಆಕೆಯ ಕೈ. ಕನಕಪುರದ ಬಸ್ ನಿಲ್ದಾಣದಿಂದ ಕೋಡಿಹಳ್ಳಿಗೆ ದಿನವೂ ಬಸ್ಸುಗಳು ಹೊರಡುತ್ತವೆ. ನನ್ನ ಮನೆ ಇರುವುದು ಆ ನಿಲ್ದಾಣದ ಹಿಂದಿನ ಬೀದಿಯಲ್ಲೇ.