ಗ್ಯಾಸ್ ಕೋವಿಗೆ ಕುಂಕುಮ

ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಂದಿರದ ಕಾಲ ಅದು. ಚೆನ್ನೈನ ಅಣ್ಣಾ ನಗರದಲ್ಲಿ ನಮ್ಮಂಥ ಫ್ಲಾಟಿನ ಮಕ್ಕಳಿಗೆ ಕ್ವಾರ್ಟರ್ಲಿ ಪರೀಕ್ಷೆ ಮುಗಿದು ರಜೆ ಬಂತೆಂದರೆ ತಾರಸಿಯೇ ತವರು. ಮೊಟ್ಟೈಮಾಡಿ ಎಂದು ಎಲ್ಲರೂ ಕರೆಯುತ್ತಿದ್ದ ಆ ತಾರಸಿಯ ಒಂದು ಕಡೆ ಯಾರದೋ ಮನೆಯ ಸಂಡಿಗೆ, ಇನ್ನೊಂದು ಕಡೆ ಒಣಮೆಣಸಿನಕಾಯಿ. ನವರಾತ್ರಿಯಾದ್ದರಿಂದ ಸಂಜೆ ಯಾವ ಬಾಗಿಲು ತಟ್ಟಿದರೂ ಬಿಸಿ ಸುಂಡಲ್, ಇಂಗು ತೆಂಗಿನಕಾಯಿ ಹಾಕಿದ ಕಡಲೆ ಉಸಲಿ. ನನಗೆ ಹದಿಮೂರು ವರ್ಷ. ಸುಂಡಲ್ ಮೆಲ್ಲುತ್ತ ಆ ತಾರಸಿಯಲ್ಲಿ ನಾನು ಗುರಿ ಹೊಡೆಯುವುದನ್ನು ಕಲಿಯುತ್ತಿದ್ದೆ.

ನಮ್ಮ ಶಾಲೆಯಲ್ಲಿ ಆ ವರ್ಷ ಹೊಸದಾಗಿ ಏರ್ ಗನ್ ಆಟ ಶುರುವಾಗಿತ್ತು. ಶಾಲೆಯದು ಸ್ಪ್ರಿಂಗ್ ಕೋವಿ. ಪ್ರತಿ ಸಲವೂ ಕೋವಿಯನ್ನು ಮಧ್ಯದಲ್ಲಿ ಮಡಿಸಿ, ನಳಿಕೆಯನ್ನು ತೊಡೆಗೆ ಒತ್ತಿ ಬಗ್ಗಿಸಿದರೆ ಮಾತ್ರ ಒಳಗಿನ ಸ್ಪ್ರಿಂಗು ಬಿಗಿಯುತ್ತಿತ್ತು. ನಾನೋ ಕಡ್ಡಿ ಪೈಲ್ವಾನಿ. ನಾಲ್ಕು ಸಲ ಬಗ್ಗಿಸುವಷ್ಟರಲ್ಲಿ ಕೈ ನಡುಗಿ, ಗುಂಡು ಗುರಿ ಬಿಟ್ಟು ಗೋಡೆಗೆ ಹೋಗುತ್ತಿತ್ತು. ನನ್ನ ತರಗತಿಯ ರೇವತಿ ಮಾತ್ರ ತೊಡೆ ಕಪ್ಪುಗಟ್ಟಿದ್ದರೂ ಗೊಣಗದೆ ಅದರಲ್ಲೇ ಹೊಡೆಯುತ್ತಿದ್ದಳು. ಕೊಯಮತ್ತೂರಿನ ಪಂದ್ಯಕ್ಕೆ ಹೋಗುವ ಶಾಲೆಯ ತಂಡದಲ್ಲಿ ಹುಡುಗಿಯರಿಗೆ ಇದ್ದದ್ದು ಒಂದೇ ಜಾಗ. ಅದು ಅವಳಿಗೋ ನನಗೋ ಎಂಬುದು ರಜೆ ಮುಗಿದ ಮೊದಲ ಶನಿವಾರ ತೀರ್ಮಾನವಾಗಬೇಕಿತ್ತು. ನನಗೆ ಆ ಜಾಗ ಬೇಕೇ ಬೇಕಿತ್ತು. ಹಸಿವೆಯಂತೆ ಬೇಕಿತ್ತು.

ಆಗ ಬಂತು ಗ್ಯಾಸ್ ಕೋವಿ. ಮೇಲಿನ ಮನೆಯ ಅಂಕಲ್ ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವುದೋ ದೇಶದಿಂದ ತಂದು ಅಟ್ಟದ ಮೇಲೆ ಹಾಕಿದ್ದ ಕೋವಿಯನ್ನು ನನ್ನ ಪಾಡು ನೋಡಿ ಇಳಿಸಿ ಕೊಟ್ಟರು. ಹೆಬ್ಬೆರಳು ಗಾತ್ರದ ಉಕ್ಕಿನ ಗ್ಯಾಸ್ ಬುಡ್ಡಿಯೊಂದನ್ನು ನಳಿಕೆಯ ಕೆಳಗೆ ಸೇರಿಸಿ ಮುಚ್ಚಳ ತಿರುಗಿಸಿದರೆ 'ಟುಸ್' ಎಂದು ಸದ್ದು ಬರುತ್ತಿತ್ತು. ಆಮೇಲೆ ಬಗ್ಗಿಸುವುದು, ಒತ್ತುವುದು ಏನೂ ಇಲ್ಲ. ಸೀಸದ ಗುಂಡು ಇಡು, ಹೊಡಿ. ಭುಜಕ್ಕೆ ಒದೆತವೂ ಇಲ್ಲ. ಒಂದೇ ವಾರದಲ್ಲಿ ಸೋಪಿನ ಡಬ್ಬಿಯ ಮೇಲೆ ಬರೆದ ಚುಕ್ಕಿಯನ್ನು ನಾನು ಜರಡಿ ಮಾಡಿದೆ.

ಅಪ್ಪನ ಸಡಗರ ನನಗಿಂತ ಹೆಚ್ಚು. ಅವರು ಬ್ಯಾಂಕಿನಲ್ಲಿ ಕ್ಲಾರ್ಕು, ನಂಜನಗೂಡು ಕಡೆಯವರು. ಜೀವಮಾನದಲ್ಲಿ ಕೋವಿ ಮುಟ್ಟಿದವರಲ್ಲ. ಆದರೂ ತಾರಸಿಗೆ ಬಂದವರಿಗೆಲ್ಲ ಅದರ ಗುಣಗಾನ. ಹಡಗಿನ ಅಂಕಲ್ ಅದರ ಅವಗುಣಗಳನ್ನೂ ಹೇಳಿದ್ದರು. ಮಟಮಟ ಬಿಸಿಲಲ್ಲಿ ಇದು ಮೇಲಕ್ಕೆ ಹೊಡೆಯುತ್ತೆ, ಬಿಡುವು ಕೊಡದೆ ಹೊಡೆದರೆ ತಣ್ಣಗಾಗಿ ಕೆಳಗಿಳಿಯುತ್ತೆ, ಮುಚ್ಚಳದ ರಬ್ಬರಿಗೆ ಒಂದಿಷ್ಟು ಧೂಳು ಕೂತರೂ ಸೋರುತ್ತೆ. "ಗ್ಯಾಸ ಉಳ್ಳ ವೆಚ್ಚಿಡಾದೀಂಗ ಸಾರ್" ಎಂದು ಎರಡೆರಡು ಸಲ ಎಚ್ಚರಿಸಿದ್ದರು. ಆಟ ಮುಗಿದ ಮೇಲೆ ಗ್ಯಾಸನ್ನು ಒಳಗೇ ಬಿಟ್ಟಿಡಬೇಡಿ ಎಂದು.

"ಗುಲಾಬಿ ಅಂದ್ಮೇಲೆ ಮುಳ್ಳು ಇರಲ್ವಾ?" ಎಂದು ಅಪ್ಪ ನನ್ನ ಬೆನ್ನು ತಟ್ಟಿದರು.

ಆಯುಧಪೂಜೆಯ ದಿನ ಈಳಿಗೆಮಣೆ, ಸ್ಕೂಟರಿನ ಕೀಲಿ, ಅಮ್ಮನ ಹೊಲಿಗೆ ಯಂತ್ರದ ಪಕ್ಕದಲ್ಲಿ ಅಪ್ಪ ಕೋವಿಯನ್ನೂ ತಂದು ಮಣೆಯ ಮೇಲಿಟ್ಟರು.

"ಕೋವಿ ಇಟ್ಟು ಪೂಜೆ ಮಾಡೋಕೆ ನಾವೇನು ಪಾಳೇಗಾರ್ರೇನ್ರೀ?" ಅಮ್ಮ ಕೇಳಿದರು.

"ಈಳಿಗೆಮಣೆಗೆ ಮಂಗಳಾರತಿ ಎತ್ತಿ ಎತ್ತಿ ಸಾಕಾಗಿದೆ ಕಣೇ. ಈ ವರ್ಷ ನಿಜವಾದ ಆಯುಧ ಬಂದಿದೆ."

"ಅಪ್ಪ, ಗ್ಯಾಸ್ ಯಾಕೆ ತುಂಬಿದೀರಿ? ಅಂಕಲ್ ಬೇಡ ಅಂದಿದ್ರಲ್ಲ" ಎಂದೆ.

"ಉಸಿರಿಲ್ಲದ ಆಯುಧಕ್ಕೆ ಯಾರಾದ್ರೂ ಪೂಜೆ ಮಾಡ್ತಾರೇನಮ್ಮ?"

ಅಂದು ಅಪ್ಪನ ಭಕ್ತಿಗೆ ಅಣೆಕಟ್ಟೇ ಇರಲಿಲ್ಲ. ಕೋವಿಗೆ ಮೂರು ಎಳೆ ವಿಭೂತಿ, ಅದರ ಮೇಲೆ ಅರಿಶಿನ, ಎಣ್ಣೆ ಪಸೆಯಿದ್ದ ಮುಚ್ಚಳಕ್ಕೆ ಕುಂಕುಮದ ದೊಡ್ಡ ಬೊಟ್ಟು. ಮೇಲೊಂದು ಸೇವಂತಿಗೆ ಹಾರ. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಕದಲಿಸಬಾರದಲ್ಲ, ಗ್ಯಾಸ್ ಒಳಗೇ ಇತ್ತು. ನಾವು ಬೂದುಗುಂಬಳ ಒಡೆದು, ಕಡ್ಲೆಪುರಿ ತಿಂದು, ಮನೆಯೆಲ್ಲ ಕರ್ಪೂರದ ವಾಸನೆಯಲ್ಲಿ ಸುಖವಾಗಿ ನಿದ್ದೆ ಹೋದೆವು. ಮರುದಿನ ಅಪ್ಪ ಕೋವಿಯನ್ನು ಮೇಲೆ ಮೇಲೆ ಒರೆಸಿ, ಹಳೆಯ ದುಪ್ಪಟಿಯಲ್ಲಿ ಸುತ್ತಿಟ್ಟರು. ದೇವರ ಕುಂಕುಮವನ್ನು ಪೂರ್ತಿ ಅಳಿಸಬಾರದೆಂದು ಮುಚ್ಚಳವನ್ನು ಮಾತ್ರ ಮುಟ್ಟಲಿಲ್ಲ.

ಶನಿವಾರ ಬೆಳಿಗ್ಗೆ ಶಾಲೆಯ ಹಿಂದಿನ ಶೆಡ್ಡಿನಲ್ಲಿ ಪಿ.ಟಿ. ಮಾಸ್ತರರ ಉಸ್ತುವಾರಿಯಲ್ಲಿ ಸ್ಪರ್ಧೆ. ಸ್ವಂತ ಕೋವಿ ತಂದರೂ ಅವರ ಅಡ್ಡಿಯಿರಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದರು. ರೇವತಿ ಬಂದು "ಒಂದು ಸಲ ಕೊಡ್ತೀಯಾ?" ಎಂದು ತಮಿಳಿನಲ್ಲಿ ಕೇಳಿ, ನನ್ನ ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಜೋಪಾನವಾಗಿ ವಾಪಸು ಕೊಟ್ಟಳು. ಆಮೇಲೆ ತನ್ನ ಸರದಿಯಲ್ಲಿ ಆ ಸ್ಪ್ರಿಂಗ್ ಕೋವಿಯೊಡನೆ ಗುದ್ದಾಡಿ, ಚೆನ್ನಾಗಿಯೇ ಹೊಡೆದಳು.

ನನ್ನ ಮೊದಲ ಗುಂಡುಗಳು ನಟ್ಟನಡುವೆ ಬಿದ್ದವು. ಅಪ್ಪ ಅಕ್ಕಪಕ್ಕದವರ ಕಡೆ ತಿರುಗಿ ನಗುತ್ತಿದ್ದುದು ಕಣ್ಣಂಚಿಗೆ ಕಂಡಿತು. ಬರಬರುತ್ತ ಗುಂಡುಗಳು ಕೆಳಕ್ಕೆ ಜಾರತೊಡಗಿದವು. ಒಂದು ಕಾಗದವನ್ನು ತೂತು ಮಾಡದೆ ಅಲ್ಲೇ ಅಂಟಿಕೊಂಡಿತು. ಕೊನೆಯದು 'ಪುಸ್' ಎಂದು ಹೊರಟು ಗುರಿಗೆ ಅರ್ಧ ದಾರಿಯಲ್ಲೇ ನೆಲಕ್ಕೆ ಬಿತ್ತು. ಹುಡುಗರು ಹೋ ಎಂದು ನಕ್ಕರು.

ಅಪ್ಪ ಎದ್ದು ಬಂದು ಮುಚ್ಚಳ ಬಿಚ್ಚಿದರು. ಒಳಗೆ ರಬ್ಬರಿನ ಸುತ್ತ, ಮುಚ್ಚಳದ ಸಂದಿಯಿಂದ ಇಳಿದು ಎಣ್ಣೆಯಲ್ಲಿ ಕಲಸಿದ ಕುಂಕುಮ, ಕೆಸರಿನ ಹಾಗೆ. ಅದನ್ನು ಕರವಸ್ತ್ರದಲ್ಲಿ ಒರೆಸಿ, ಕರವಸ್ತ್ರವನ್ನು ಜೇಬಿಗೆ ತುರುಕಿದರು.

ಇಲ್ಲಿ ಒಂದು ಮಾತು ಹೇಳಬೇಕು. ಚೆನ್ನೈನಲ್ಲಿ ಮನೆಯಿಂದಾಚೆ ಕನ್ನಡವೆಂದರೆ ನಮಗೆ ಬಾಗಿಲು ಹಾಕಿಕೊಂಡ ಕೋಣೆ ಇದ್ದಂತೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎದುರಿಗೆ ನಿಂತವರ ಮೂಗು, ಹೊಟ್ಟೆ, ಜಂಬ ಎಲ್ಲವನ್ನೂ ಅಪ್ಪ ಗಟ್ಟಿಯಾಗಿಯೇ ಆಡಿಕೊಳ್ಳುತ್ತಿದ್ದರು. ಮುಖ ಮಾತ್ರ ಹವಾಮಾನದ ಬಗ್ಗೆ ಮಾತಾಡುವವರದು. ನಾನು ನಗು ತಡೆಯಲಾರದೆ ಅವರ ತೋಳಿಗೆ ಮುಖ ಒತ್ತಿಕೊಳ್ಳುತ್ತಿದ್ದೆ. ಅದೇ ಧೈರ್ಯದಲ್ಲಿ ಅಪ್ಪ ಅಂದು ಅಷ್ಟು ಜನರ ನಡುವೆ, ಪಿ.ಟಿ. ಮಾಸ್ತರರು ಪಕ್ಕದಲ್ಲೇ ನಿಂತಿದ್ದಾಗ, ನಗುಮುಖದಲ್ಲಿ ನನಗೆ ಹೇಳಿದರು:

"ಪೂಜೆ ವಿಷಯ ಬಾಯಿ ಬಿಡಬೇಡ. ಆ ಹುಡುಗಿ ಬೆಳಿಗ್ಗೆ ಎತ್ತಿ ನೋಡಿದ್ಲಲ್ಲ, ಅವಳೇ ಬೀಳಿಸಿದ್ಲು ಅನ್ನೋಣ. ಇನ್ನೊಂದು ಛಾನ್ಸ್ ಕೊಡ್ತಾರೆ."

ನಾನು ಉಸಿರೆತ್ತುವ ಮೊದಲೇ ಮಾಸ್ತರರ ಕಡೆ ತಿರುಗಿ ತಮ್ಮ ಹರಕುಮುರುಕು ತಮಿಳಿನಲ್ಲಿ ರೇವತಿಯ ಕಡೆ ಬೆರಳು ತೋರಿಸಿ ಅದನ್ನೇ ಹೇಳಿದರು.

"ನಾನ್ ಕೀಳೆ ಪೋಡಲೆ ಸಾರ್!" ಎಂದಳು ರೇವತಿ. ನಾನು ಬೀಳಿಸಲಿಲ್ಲ ಎಂದು.

ಮಾಸ್ತರರು ಅಪ್ಪನ ಕಡೆ ನೋಡಲಿಲ್ಲ. ನನ್ನ ಮುಂದೆ ಬಗ್ಗಿ, ಮೆಲ್ಲಗೆ ಕೇಳಿದರು, "ಏನಮ್ಮ, ನಿಜವಾಗ್ಲೂ ಅವಳು ಬೀಳಿಸಿದ್ಲಾ?"

ಕನ್ನಡದಲ್ಲಿ. ಅಚ್ಚ ಕನ್ನಡದಲ್ಲಿ.

ಅಪ್ಪನ ನಗು ಇನ್ನೂ ಮುಖದ ಮೇಲೆಯೇ ಇತ್ತು, ಇಳಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ನಾನು ಇಲ್ಲವೆಂದು ತಲೆ ಆಡಿಸಿದೆ. ಸತ್ಯ ಹೇಳಿದ್ದಕ್ಕೆ ಹೆಮ್ಮೆ ಪಡಬೇಕೆಂದು ಪುಸ್ತಕದಲ್ಲಿ ಓದಿದ್ದೆ. ನನಗಾದದ್ದು ನಾಚಿಕೆ. ಅಪ್ಪನನ್ನು ನಾಲ್ಕು ಜನರೆದುರು ಬಿಟ್ಟುಕೊಟ್ಟ ನಾಚಿಕೆ, ಇಂಥ ಮಾತಾಡಿದ ಅಪ್ಪನ ಮಗಳು ಎಂಬ ನಾಚಿಕೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಇಂದಿಗೂ ತೂಗಲಾರೆ.

ಮಾಸ್ತರರು ನೆಟ್ಟಗೆ ನಿಂತು ಅಪ್ಪನಿಗಷ್ಟೇ ಕೇಳುವಂತೆ ಹೇಳಿದರು, "ನಮ್ಮದು ಹೊಸೂರು ಸಾರ್. ಮನೇಲಿ ನಮ್ಮಮ್ಮ ಕನ್ನಡಾನೇ ಮಾತಾಡೋದು. ಹೋಗ್ಲಿ ಬಿಡಿ, ಮಗು ಚೆನ್ನಾಗಿ ಹೊಡೀತಾಳೆ." ಆಮೇಲೆ ಎಲ್ಲರಿಗೂ ತಮಿಳಿನಲ್ಲಿ, ಕೋವಿಯ ಗ್ಯಾಸ್ ಸೋರಿದೆ, ಯಾರ ತಪ್ಪೂ ಅಲ್ಲ, ಕೊಯಮತ್ತೂರಿಗೆ ರೇವತಿ ಹೋಗುತ್ತಾಳೆ ಎಂದರು. ಅಪ್ಪನನ್ನು ಅವರು ಬಯ್ದಿದ್ದರೆ ಚೆನ್ನಾಗಿತ್ತು. ಬಯ್ದವರ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದು.

ಸ್ಕೂಟರಿನಲ್ಲಿ ಮನೆಗೆ ಹೊರಟಾಗ ನಮ್ಮಿಬ್ಬರ ನಡುವೆ ದುಪ್ಪಟಿ ಸುತ್ತಿದ ಕೋವಿ. ಸಿಗ್ನಲ್ಲಿನಲ್ಲಿ ಅಪ್ಪ ಹಿಂದೆ ತಿರುಗದೆ "ಹೋಲ್ಡ್ ಇಟ್ ಪ್ರಾಪರ್ಲಿ" ಅಂದರು. ಅಪ್ಪ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದ್ದು ಅದೇ ಮೊದಲು. ಆವತ್ತಿನಿಂದ ಮನೆಯ ಹೊಸಿಲು ದಾಟಿದರೆ ಇಂಗ್ಲಿಷ್, ಇಲ್ಲವೆ ತಮಿಳು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂರುತ್ತಿದ್ದರು. ಕೋವಿ ಮರುದಿನವೇ ಹಡಗಿನ ಅಂಕಲ್ ಮನೆಯ ಅಟ್ಟಕ್ಕೆ ವಾಪಸಾಯಿತು. ನಾನೂ ಮತ್ತೆ ಕೋವಿ ಹಿಡಿಯಲಿಲ್ಲ. ಅದಕ್ಕೆ ನನಗೆ ದುಃಖವಿಲ್ಲ. ಅಂಥ ನೂರು ಕೊಯಮತ್ತೂರು ಕೈತಪ್ಪಿ ಹೋದರೆ ಹೋಗಲಿ.

ಈಗ ಇದೇ ಚೆನ್ನೈನ ಲಿಫ್ಟು, ಹೋಟೆಲು, ಆಫೀಸು ಎಲ್ಲೆಲ್ಲೂ ಕನ್ನಡ ಕಿವಿಗೆ ಬೀಳುತ್ತದೆ. ಯಾರೂ ಯಾರಿಗೂ ಹೆದರುವುದಿಲ್ಲ. ಹೋದ ತಿಂಗಳು ಅಪ್ಪನೊಡನೆ ಮೆಟ್ರೋದಲ್ಲಿ ಹೋಗುತ್ತಿದ್ದೆ. ಎದುರಿಗೊಬ್ಬರು ಬಾಯಿ ತೆರೆದು, ಪಕ್ಕದವರ ಹೆಗಲ ಮೇಲೆ ನಿದ್ದೆ ಹೋಗಿದ್ದರು. ಪಕ್ಕದವರು ಪಾಪ, ಮಿಸುಕದೆ ಕೂತಿದ್ದರು. ನಾನು ಬೇಕೆಂದೇ ಗಟ್ಟಿಯಾಗಿ ಅಂದೆ, "ಅಪ್ಪ, ನೋಡಿ, ಬಾಡಿಗೆ ಕೊಡದೆ ಒಕ್ಕಲಾಗಿಬಿಟ್ಟಿದಾರೆ."

ಅಪ್ಪನ ತುಟಿಯಂಚು ಕುಣಿಯಿತು. ಉತ್ತರ ನಾಲಗೆಯ ಮೇಲೆ ಬಂದು ಕೂತದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಅವರು ಬೋಗಿಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿಯೊಂದು ಮುಖವನ್ನೂ ನೋಡಿದರು. ನೋಡಿ, ನನ್ನ ಮೊಣಕೈ ಮೆತ್ತಗೆ ಹಿಡಿದು, "ನಾಟ್ ಹಿಯರ್" ಅಂದರು.